ಮಧ್ಯಾಹ್ನ ತೋರಿಸಬೇಕಿದ್ದ ಕಾರು

ಅದು ಶುರುವಾದದ್ದು ಮಾರ್ಚ್ ತಿಂಗಳಲ್ಲಿ, ಬೆಳಗಿನ ನಮಾಜು ಮುಗಿದು ಬೆಳಕು ಹರಿಯುವ ಹೊತ್ತಿಗೆ. ಒಣ ದೂಳಿನ ಗಾಳಿ ನಿಂತಿತ್ತು, ಮಳೆ ಇನ್ನೂ ದೂರವಿತ್ತು. ಹಗಲು ಕುಡಿದ ಕಾವನ್ನು ಮಣ್ಣಿನ ಗೋಡೆ ರಾತ್ರಿಯೆಲ್ಲ ಉಗುಳುವ ಕಾಲ. ಆಗ ನಮ್ಮ ಊರು ಯೆಂಡಿಯಲ್ಲಿ ಮೈಗೆ ಹಿತವಾಗುವುದು ಆ ಒಂದು ಗಳಿಗೆ ಮಾತ್ರ. ಆ ಗಳಿಗೆಯಲ್ಲೇ ನೆರೆಮನೆಯ ಸನಾತು ತನ್ನ ಹೊಸ ಕಾರನ್ನು ಮೊದಲ ಸಲ ರಿಪೇರಿಗೆ ಕಳಿಸಿದಳು.

ಸನಾತು ಷಿಯಾ ಮರದ ಬೀಜದಿಂದ ಬೆಣ್ಣೆ ಮಾಡುವವಳು. ಬೀಜ ಹುರಿದು, ಅರೆದು, ನೀರು ಹಾಕಿ ಕೈಯಲ್ಲೇ ಬಡಿದು ಬಡಿದು ಬೆಣ್ಣೆ ತೇಲಿಸಬೇಕು. ಅವಳ ಬೆರಳುಗಳು ಸೊಟ್ಟಗಾಗಿವೆ. ಆ ಬೆರಳುಗಳ ದುಡಿಮೆಯೇ ಆ ಕಾರು. ಮೆರೆಯಲು ಕೊಂಡದ್ದಲ್ಲ.

ಅವಳಿಗೆ ಒಬ್ಬಳೇ ಮಗಳು, ಸುಹುಯಿನಿ. ಹೊಲಿಗೆಯವಳು. ಮನೆಮುಂದಿನ ಬೇವಿನ ಮರದಡಿ ಅವಳ ಮೆಷಿನ್. ಹಬ್ಬ ಬಂದರೆ ಅರ್ಧ ಕೇರಿ ಅವಳು ಹೊಲಿದದ್ದನ್ನೇ ತೊಡುತ್ತಿತ್ತು. ಹುಟ್ಟಿನಿಂದಲೇ ಅವಳಿಗೆ ಸಿಕಲ್ ಸೆಲ್ ಕಾಯಿಲೆ, ರಕ್ತದ ಕಣಗಳು ಕುಡುಗೋಲಿನಂತೆ ಬಾಗುತ್ತವಲ್ಲ, ಅದು. ಬಿಸಿಲು, ಬಾಯಾರಿಕೆ, ದಣಿವು ಅದನ್ನು ಕೆರಳಿಸುತ್ತವೆ. ಕೆರಳಿದರೆ ಮೂಳೆಯನ್ನು ಒರಳಿಗೆ ಹಾಕಿ ಕುಟ್ಟಿದಂಥ ನೋವು. ತಿಂಗಳಿಗೊಮ್ಮೆ ತಮಾಲೆಯ ದೊಡ್ಡಾಸ್ಪತ್ರೆಗೆ ಹೋಗಲೇಬೇಕು. ಬಾಡಿಗೆ ವ್ಯಾನಿನಲ್ಲಿ ಮೂವರ ಸೀಟಿನಲ್ಲಿ ಐವರ ನಡುವೆ ಕೂತು ಬಂದರೆ ಮಾರನೆಯ ದಿನ ಮತ್ತೆ ಆಸ್ಪತ್ರೆ. ತಮಾಲೆಯಲ್ಲೇ ಒಂದು ಕೋಣೆ ಹಿಡಿದು ಇರಲಿ ಎಂದು ಹೇಳದವರಿಲ್ಲ. ಅಲ್ಲಿ ನಮ್ಮವರು ಅನ್ನುವವರು ಒಬ್ಬರೂ ಇಲ್ಲ. ಮಗಳು ಹೋಗುವುದಿಲ್ಲ ಎಂದಳು, ತಾಯಿಯೂ ಕಳಿಸುವುದಿಲ್ಲ ಎಂದಳು. ಮಗಳು ಮನೆಯಲ್ಲೇ ಉಳಿಯಲಿ ಎಂದೇ ಏಸಿ ಇರುವ ಕಾರು ಬಂತು. ಓಡಿಸಲು ಸನಾತುವಿನ ತಮ್ಮ ಇದ್ರಿಸು.

ಕೆಲವೇ ತಿಂಗಳಲ್ಲಿ ಏಸಿ ಕೈಕೊಟ್ಟಿತು. ಬೆಳಿಗ್ಗೆ ಹೋಗುವಾಗ ತಣ್ಣಗೆ. ಆಸ್ಪತ್ರೆಯ ಸಾಲು ಮುಗಿಸಿ ಮಧ್ಯಾಹ್ನ ಹಿಂದಿರುಗುವಾಗ ಅರ್ಧ ದಾರಿಗೇ ಬಿಸಿಗಾಳಿ. ಕಿಟಕಿ ಇಳಿಸಿದರೆ ಒಲೆಯ ಬಾಯಿಗೆ ಮುಖ ಕೊಟ್ಟಂತೆ, ಏರಿಸಿದರೆ ಮಡಕೆಯೊಳಗೆ ಕೂತು ಬೆಂದಂತೆ. ಹೊತ್ತು ಇಳಿಯಲಿ ಎಂದು ಕಾದರೆ, ಮಬ್ಬಾದ ಮೇಲೆ ಆ ದಾರಿಯಲ್ಲಿ ಕಳ್ಳರ ಕಾಟ.

ಗ್ಯಾರಂಟಿ ಇನ್ನೂ ಇತ್ತು. ಹಾಗಾಗಿ ತಮಾಲೆಯಲ್ಲಿ ಕೊಂಡ ಶೋರೂಮಿಗೇ ಒಯ್ಯಬೇಕೆಂದಾಯಿತು. ನಮ್ಮಲ್ಲಿ ತೂಕದ ಮಾತು ಏನಿದ್ದರೂ ಬೆಳ್ಳಂಬೆಳಿಗ್ಗೆ ಹೋಗಿ ಆಡಬೇಕು. ಹೆಣ್ಣು ಕೇಳುವುದಿರಲಿ, ಹಿರಿಯರ ಮುಂದೆ ದೂರು ಇಡುವುದಿರಲಿ, ಬಿಸಿಲೇರುವ ಮುಂಚೆ. ಬಿಸಿಲೇರಿದ ಮೇಲೆ ಬಂದವನ ಮಾತಿಗೆ ಬೆಲೆಯಿಲ್ಲ. ಇದ್ರಿಸು ಹಿರಿಯರು ಕಲಿಸಿದ ಹಾಗೇ ನಡೆದ. ಮೊದಲ ಬೆಳಕಿಗೆ ಹೊರಟು, ಶೋರೂಮಿನ ಗೇಟು ತೆಗೆಯುವ ಮುಂಚೆಯೇ ಹೋಗಿ ನಿಂತ. ಬರಿಗೈಯಲ್ಲಿ ಹೋಗಬಾರದೆಂದು ಒಂದು ಜೋಡಿ ಗಿನಿಕೋಳಿಯನ್ನೂ ಒಯ್ದ.

ಅಲ್ಲಿನ ಸರ್ವಿಸ್ ಮೇಲ್ವಿಚಾರಕ ಬೆಡಿಯಾಕೊ, ದಕ್ಷಿಣದವನು, ಟೈ ಕಟ್ಟುವವನು. ಕೋಳಿ ಇಸಕೊಂಡ. ಕಾರನ್ನು ನೆರಳಿಗೆ ತಳ್ಳಿಸಿ, ಏಸಿ ಹಾಕಿ, ಗಾಳಿಗೆ ಅಂಗೈ ಹಿಡಿದ. "ನನ್ನ ಬೆರಳೇ ಮರಗಟ್ಟುತ್ತಿದೆಯಲ್ಲಪ್ಪ, ಇನ್ನೇನು ಬೇಕು?" ಅಂದ. ದೋಷವಿಲ್ಲ ಎಂದು ಬರೆದ ಹಾಳೆಗೆ ಇದ್ರಿಸು ಮರ್ಯಾದೆಯಿಂದ ಸಹಿ ಹಾಕಿ ಬಂದ.

ಎರಡನೇ ಸಲವೂ ಬೆಳಿಗ್ಗೆ ಹೋದ. ಗ್ಯಾಸ್ ತುಂಬಿ ಕಳಿಸಿದರು. ಆ ತಿಂಗಳು ಸುಹುಯಿನಿ ಹಿಂದಿನ ಸೀಟಿನಲ್ಲಿ ಮೊಣಕಾಲು ಎದೆಗೆ ಒತ್ತಿಕೊಂಡು ಮನೆಗೆ ಬಂದಳು. ಮೂರನೇ ಸಲ ಇನ್ನೂ ಬೇಗ ಹೋದ. ಕಾರು ತೊಳೆದು ಕೊಟ್ಟರು. ಹಳ್ಳಿಯವರು ಕಿಟಕಿ ತೆಗೆದು ದೂಳು ತುಂಬಿಸುತ್ತೀರಿ, ಈ ದೇಶದ ಬಿಸಿಲಿಗೆ ಯಾವ ಏಸಿ ತಾನೇ ಏನು ಮಾಡೀತು ಎಂದು ಬುದ್ಧಿಯನ್ನೂ ಹೇಳಿದರು.

ಏಪ್ರಿಲ್ ಬಂತು. ಆಸ್ಪತ್ರೆಯಿಂದ ಹಿಂದಿರುಗುವಾಗ ಅರ್ಧ ದಾರಿಯಲ್ಲಿ ಏಸಿ ಸತ್ತಿತು, ಸುಹುಯಿನಿಯ ಸೊಂಟದಲ್ಲಿ ನೋವು ಹೊತ್ತಿಕೊಂಡಿತು. ಇದ್ರಿಸು ಕಾರು ತಿರುಗಿಸಿ ಅದೇ ಬಿಸಿಯಲ್ಲಿ ಮತ್ತೆ ತಮಾಲೆಗೆ ಓಡಿಸಿದ. ಅವಳು ಅಳಲಿಲ್ಲ. "ಮಾಮ, ಗುಂಡಿ ನೋಡ್ಕೊಂಡು ಓಡ್ಸು" ಎಂದಷ್ಟೇ ಹೇಳಿದಳಂತೆ.

ವಾರ್ಡಿನಲ್ಲಿ ನರ್ಸಮ್ಮ ಲಾರಿಬಾ ಇದ್ದರು, ಸುಹುಯಿನಿಯನ್ನು ವರ್ಷಗಳಿಂದ ಬಲ್ಲವರು. ಸೂಜಿ ಚುಚ್ಚಿ, ನೀರು ಏರಿಸಿ, ಆಮೇಲೆ ಹೊರಗೆ ಬಂದು ಏನಾಯಿತೆಂದು ಕೇಳಿದರು. ಇದ್ರಿಸು ಎಲ್ಲ ಹೇಳಿದ. ಬೆಳಗಿನ ತಂಪಲ್ಲಿ ಮೂರು ಸಲ ಹೋಗಿದ್ದೇನೆ, ಇದಕ್ಕಿಂತ ಗೌರವವಾಗಿ ಯಾರು ಹೋಗುತ್ತಾರೆ ಅಂದ. ನರ್ಸಮ್ಮ ಕೇಳಿದರು:

"ಇದ್ರಿಸಣ್ಣ, ಮಲೇರಿಯ ಬಂದವನು ಜ್ವರ ಬಿಟ್ಟ ಹೊತ್ತಲ್ಲಿ ನನ್ನ ಹತ್ರ ಬಂದ್ರೆ, ಮೈ ಮುಟ್ಟಿ ನೋಡಿದ್ರೆ ಏನು ಗೊತ್ತಾಗುತ್ತೆ?"

"ತಣ್ಣಗಿದೆ ಅಂತ ಗೊತ್ತಾಗುತ್ತೆ."

"ನೀವು ಮಾಡಿದ್ದೂ ಅದೇ. ಕಾರಿಗೆ ಜ್ವರ ಬರೋದು ಮಧ್ಯಾಹ್ನ. ತೋರಿಸಿದ್ದು ಬೆಳಿಗ್ಗೆ. ಅವರಿಗೂ ಅದೇ ಬೇಕಾಗಿತ್ತು."

ಇದ್ರಿಸುವಿಗೆ ಒಪ್ಪಿಗೆಯಾಗಲಿಲ್ಲ. ನಡುಮಧ್ಯಾಹ್ನ ಹೋಗಿ ಎದುರು ನಿಂತರೆ ಜಗಳಕ್ಕೆ ಬಂದವನು ಎಂದು ಬೆಡಿಯಾಕೊ ಅಂದುಕೊಳ್ಳುವುದಿಲ್ಲವೇ, ತಮ್ಮ ಮನೆತನದವರು ಹಾಗೆ ಯಾರ ಬಾಗಿಲಿಗೂ ಹೋದವರಲ್ಲ ಅಂದ.

"ಅಂದ್ಕೊಳ್ಳಲಿ ಬಿಡಿ. ಒಳಗೆ ಮಲಗಿರೋದು ಅವನ ಮಗಳಲ್ಲ" ಅಂದರು ನರ್ಸಮ್ಮ.

ಏನೇನು ಮಾಡಬೇಕೆಂದು ಅವರೇ ಬಿಡಿಸಿ ಹೇಳಿದರು. ಎಷ್ಟು ಹೊತ್ತಿಗೆ, ಎಷ್ಟು ದೂರ ಓಡಿದ ಮೇಲೆ ಏಸಿ ನಿಲ್ಲುತ್ತದೆ ಎನ್ನುವುದನ್ನು ನೀವು ಹೇಳಿದ ಹಾಗೇ ಬರೆಸಿ. ಅದರ ಪ್ರತಿ ಕೇಳಿ ಇಸಕೊಳ್ಳಿ. ಬಿಸಿಲಲ್ಲಿ ಓಡಿಸಿ ನೋಡುವವರೆಗೆ ಸಹಿ ಹಾಕಬೇಡಿ. ಗ್ಯಾಸ್ ಕಡಿಮೆಯಾಗಿದೆ ಅಂದರೆ, ಎಲ್ಲಿ ಸೋರಿತು ತೋರಿಸಿ ಅನ್ನಿ. ಅದು ಸೀಮೆಎಣ್ಣೆಯಲ್ಲ, ಉರಿದು ಮುಗಿಯುವುದಿಲ್ಲ. ಸುದ್ದಿ ತಿಳಿದು ವ್ಯಾನು ಹಿಡಿದು ಬಂದಿದ್ದ ಸನಾತು ಗೋಡೆಗೆ ಒರಗಿ ಇದೆಲ್ಲ ಕೇಳಿಸಿಕೊಂಡಳು. ಮಾರನೆಯ ದಿನ ಊಟದ ಹೊತ್ತು ಕಳೆದ ಮೇಲೆ ಆಸ್ಪತ್ರೆಯ ಅಂಗಳದಲ್ಲಿ ಮಲಗಿದ್ದ ತಮ್ಮನನ್ನು ಎಬ್ಬಿಸಿ, ತಾನೂ ಕಾರು ಹತ್ತಿದಳು.

ಅವರು ಮೊದಲು ಯೆಂಡಿ ದಾರಿಯಲ್ಲಿ ಒಂದಷ್ಟು ದೂರ ಹೋಗಿ, ಏಸಿ ನಿಲ್ಲುವವರೆಗೆ ಓಡಿಸಿ, ಹಾಗೇ ತಿರುಗಿಸಿಕೊಂಡು ಶೋರೂಮಿಗೆ ಬಂದರು. ಬೆಡಿಯಾಕೊ ಹೊರಗೆ ಬಂದ. ನೆರಳಿಗೆ ತನ್ನಿ ಅಂದ. ಸನಾತು ಕೆಳಗಿಳಿದು, ಕುಕ್ಕರುಗಾಲಲ್ಲಿ ಕೂತು, ಹಿರಿಯರಿಗೆ ಮಾಡುವಂತೆ ತಲೆಬಾಗಿ ನಮಸ್ಕಾರ ಮಾಡಿದಳು. ಆಮೇಲೆ ಎದ್ದು ಹಿಂದಿನ ಬಾಗಿಲು ತೆಗೆದಳು.

"ಅಯ್ಯಾ, ಇಲ್ಲಿ ನನ್ನ ಮಗಳು ಕೂರ್ತಾಳೆ. ನೀವು ಒಂದು ಸ್ವಲ್ಪ ಕೂತ್ಕೊಳ್ಳಿ."

ಹತ್ತು ಜನ ಗಿರಾಕಿಗಳು ನೋಡುತ್ತಿದ್ದರು. ತಾಯಿ ವಯಸ್ಸಿನವಳು ನಮಸ್ಕಾರ ಮಾಡಿ ಕೇಳಿದ ಮೇಲೆ ಆಗುವುದಿಲ್ಲ ಅನ್ನಲು ಅವನಿಗೂ ಬಾಯಿ ಬರಲಿಲ್ಲ. ಕೂತ. ಇದ್ರಿಸು ಕಿಟಕಿಗಳನ್ನೆಲ್ಲ ಏರಿಸಿ, ಪೊಲೀಸರ ತಡೆಗೇಟಿನವರೆಗೆ ಓಡಿಸಿದ. ಬೆಡಿಯಾಕೊ ಟೈ ಸಡಿಲ ಮಾಡಿಕೊಂಡ. ಅಂಗಿ ಬೆನ್ನಿಗೆ ಅಂಟಿತು. ಕೊನೆಗೆ ಕಿಟಕಿಯ ಗುಂಡಿಗೆ ಕೈ ಹಾಕಿದ.

"ತೆಗೀಬೇಡಿ ಅಯ್ಯಾ. ಏನೂ ತೊಂದರೆ ಇಲ್ಲ ಅಂತ ಮೂರು ಸಲ ನೀವೇ ಹೇಳಿದ್ರಿ" ಎಂದಳು ಸನಾತು. ಅವಳ ದನಿ ಏರಲಿಲ್ಲ.

ಅವನು ಕೈ ಹಿಂದಕ್ಕೆ ತೆಗೆದುಕೊಂಡ.

ಆ ದಿನ ಕಾರು ಬಿಸಿಯಿರುವಾಗಲೇ ಮುಂದಿನ ಮುಚ್ಚಳ ತೆಗೆದು ನೋಡಿದರು. ತಂಪು ಮಾಡುವ ಯಂತ್ರವನ್ನು ಹಿಡಿದು ತಿರುಗಿಸುವ ಕ್ಲಚ್ಚು ಕಾವೇರಿದೊಡನೆ ಕೈಬಿಡುತ್ತಿತ್ತು, ತಣ್ಣಗಾದರೆ ಮತ್ತೆ ಹಿಡಿಯುತ್ತಿತ್ತು. ಎಲ್ಲರ ಕಣ್ಣೆದುರಿಗೇ ಅದು ತಿರುಗದೆ ನಿಂತಿತ್ತು. ಯಂತ್ರ ಬಲ್ಲವನಿಗೆ ಒಂದು ಮಧ್ಯಾಹ್ನದ ಕೆಲಸ. ಸನಾತು ತನ್ನ ಮಾತಲ್ಲೇ ದೂರು ಬರೆಸಿ ಪ್ರತಿ ಇಸಕೊಂಡಳು. ಹೊಸ ಕ್ಲಚ್ಚು ಅಕ್ರಾದಿಂದ ಬರಬೇಕೆಂದರು. ಬರುವುದಕ್ಕೆ ಮೇ ತಿಂಗಳಾಯಿತು. ಅದನ್ನು ಕೂರಿಸಿದ ಮೇಲೆ ಇದ್ರಿಸು ಎರಡು ಗಂಟೆಯ ಬಿಸಿಲಲ್ಲಿ ಓಡಿಸಿ ನೋಡಿ, ಆಮೇಲೆ ಸಹಿ ಹಾಕಿದ. ಈಗ ಅವನೇ ಕೇರಿಯವರಿಗೆ ಹೇಳಿಕೊಡುತ್ತಾನೆ. ಬೆಳಿಗ್ಗೆ ಹೋಗಿ ನಮಸ್ಕಾರ ಮಾಡಿ ಬನ್ನಿ, ಮಧ್ಯಾಹ್ನ ಹೋಗಿ ಕಾರು ತೋರಿಸಿ ಅನ್ನುತ್ತಾನೆ. ಜನ ನಗುತ್ತಾರೆ. ಅವನು ನಗುವುದಿಲ್ಲ.

ಯಾಕೆಂದರೆ ಕ್ಲಚ್ಚು ಬರುವ ಮೊದಲೇ ಡಾಕ್ಟರ ಮಾತು ಬಂದಿತ್ತು. ಏಪ್ರಿಲ್ ನೋವಿನಲ್ಲಿ ಸುಹುಯಿನಿಯ ಸೊಂಟದ ಮೂಳೆಗೆ ರಕ್ತ ಹೋಗದೆ ಅದು ಕೆಟ್ಟಿದೆ, ವಾರಕ್ಕೆ ಹಲವು ಸಲ ಆಸ್ಪತ್ರೆಯಲ್ಲಿ ಕಾಲಿಗೆ ವ್ಯಾಯಾಮ ಮಾಡಿಸಬೇಕು, ಕಾರು ಎಷ್ಟೇ ತಂಪಾಗಿದ್ದರೂ ಇಷ್ಟು ದೂರದ ಓಡಾಟ ಆಗದು, ತಮಾಲೆಯಲ್ಲೇ, ಆಸ್ಪತ್ರೆಯ ಹತ್ತಿರವೇ ಇರಬೇಕು ಎಂದರು. ಹೊಲಿಗೆ ಮೆಷಿನ್ನಿನ ಪೆಡಲಿಗೆ ಅವಳ ಕಾಲು ಇನ್ನು ಒಗ್ಗುವುದಿಲ್ಲ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕಾರೇ ಆಗಲಿ, ನೀರೆತ್ತುವ ಪಂಪೇ ಆಗಲಿ, ದುಡಿದು ಕೊಂಡದ್ದು ಕೆಟ್ಟರೆ ಅದು ಕೆಡುವ ಹೊತ್ತಿಗೇ ಒಯ್ದು ತೋರಿಸಿ. ನೀವು ಅನುಭವಿಸಿದ್ದನ್ನು ಅವರೂ ಅದೇ ಜಾಗದಲ್ಲಿ ಕೂತು ಅನುಭವಿಸಲಿ. ಗ್ಯಾರಂಟಿ ಇರುವಾಗ ಕೇಳುವುದು ಜಗಳವಲ್ಲ, ನಿಮ್ಮ ಹಕ್ಕು. ನಿಮ್ಮ ಮಾತು ಕಾಗದಕ್ಕೆ ಬೀಳಲಿ, ಕೆಲಸ ಕಣ್ಣಾರೆ ಕಾಣುವವರೆಗೆ ನಿಮ್ಮ ಸಹಿ ಬೀಳದಿರಲಿ. ಕಾಯಿಲೆಯವರನ್ನು, ಮಕ್ಕಳನ್ನು, ಮುದುಕರನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಒಂದು ಗಳಿಗೆಯೂ ಬಿಡಬೇಡಿ. ಮರ್ಯಾದೆ ಒಳ್ಳೆಯದೇ. ಅದರ ಬೆಲೆಯನ್ನು ನಿಮ್ಮ ಮನೆಯವರ ಮೂಳೆ ತೆರಬಾರದು.

ಮಳೆ ಇನ್ನೂ ಬಿದ್ದಿರಲಿಲ್ಲ. ಸುಹುಯಿನಿ ಹೊರಟದ್ದು ಮಧ್ಯಾಹ್ನ. ಮೆಷಿನ್ನಿಗೆ ಬಟ್ಟೆ ಹೊದಿಸಿ ಒಳಗಿಟ್ಟಿದ್ದರು. ತಮಾಲೆಯವರೆಗೂ ಕಾರು ತಣ್ಣಗೇ ಇತ್ತಂತೆ, ಎಲ್ಲೂ ನಿಲ್ಲಲಿಲ್ಲವಂತೆ. ಅರ್ಧ ದಾರಿಯಲ್ಲಿ ಅವಳು, "ಮಾಮ, ಸ್ವಲ್ಪ ಕಡಿಮೆ ಮಾಡು, ಚಳಿಯಾಗ್ತಿದೆ" ಅಂದಳಂತೆ. ಸುಹುಯಿನಿ ಯೆಂಡಿ ಬಿಟ್ಟು ಹೋದದ್ದು ಗುರುವಾರ.