ಠರಾವು ಪುಸ್ತಕದಲ್ಲಿ ಕೇಕು

ಸುಳ್ಳು ಕಾರಣವನ್ನು ಬಾಯಲ್ಲಿ ಹೇಳುವುದು ಒಂದು ತಪ್ಪು. ಅದನ್ನು ಠರಾವು ಪುಸ್ತಕದಲ್ಲಿ ಬರೆಸುವುದು ಅದಕ್ಕಿಂತ ದೊಡ್ಡ ತಪ್ಪು. ಶಿರಹಟ್ಟಿಯ ಬೆಳಗು ಮಹಿಳಾ ಸಂಘದ ಅಧ್ಯಕ್ಷೆ ಸುಮಿತ್ರವ್ವ ಕಳೆದ ವರ್ಷ ಎರಡನ್ನೂ ಮಾಡಿದ್ದರು. ಬರೆದವಳು ಸಂಘದ ಕಾರ್ಯದರ್ಶಿ ಭಾಗ್ಯಾ. ಬರೆಸಿದ್ದು ಅವಳದೇ ಕೇಕಿನ ವಿಷಯ.

ಭಾಗ್ಯಾ ಊರ ಹೊರಗಿನ ತಾಂಡಾದವಳು. ಅಕ್ಷರ ದುಂಡಗಿದ್ದುದರಿಂದ ಪುಸ್ತಕ ಅವಳ ಕೈಗೆ ಬಂದಿತ್ತು. ಗದಗಿನಲ್ಲಿ ಹತ್ತು ದಿನದ ತರಬೇತಿ ಪಡೆದು, ಸಂಘದ ವಾರ್ಷಿಕೋತ್ಸವಕ್ಕೆಂದು ತಾನೇ ಒಂದು ಕೇಕು ಮಾಡಿ ತಂದಿದ್ದಳು. ಸುಮಿತ್ರವ್ವ ಅದನ್ನು ಮುಟ್ಟದೆ, ದೂರದಿಂದಲೇ ನೋಡಿ ಹೇಳಿದ್ದರು:

"ಇದೇನ ನಡುವ ಉಬ್ಬೇತಿ, ಎತ್ತಿನ ಹಿಣಿಲ ಇದ್ದಂಗ! ಇದರ ಮ್ಯಾಲ ಸಂಘದ ಹೆಸರು ಹೆಂಗ ಬರಿಯೂದು? ಬೇಕರಿಯಿಂದ ಒಂದು ತರಸ್ರಿ."

ಭಾಗ್ಯಾಳ ಕೇಕು ಹಿಂದಿನ ಕೋಣೆಗೆ ಹೋಯಿತು. ಸಂಜೆ ಕಸ ಗುಡಿಸಲು ಬಂದವರ ಪಾಲಾಯಿತು. ಅಧ್ಯಕ್ಷೆ ಹೇಳಿದ್ದನ್ನು ಅವಳೇ ಬರೆಯಬೇಕಾಯಿತು: 'ಮೇಲ್ಭಾಗ ಸಮತಟ್ಟಾಗಿರದ ಕಾರಣ ಸದಸ್ಯೆಯ ಕೇಕನ್ನು ಬಳಸಲಿಲ್ಲ.' ಅವಳ ಮನೆಯ ನೀರನ್ನೂ ಕುಡಿಯದವರು ಕೇಕಿನ ಉಬ್ಬನ್ನು ನೆಪ ಮಾಡಿಕೊಂಡರೆಂಬುದು ಕೆಳಗೆ ಸಹಿ ಹಾಕಿದ ಹದಿನೆಂಟು ಮಂದಿಗೂ ಗೊತ್ತಿತ್ತು.

ಭಾಗ್ಯಾಳಿಗೂ ಗೊತ್ತಿತ್ತು. ಆದರೂ ಬರೆದ ಮಾತನ್ನು ಅವಳು ಬರೆದಂತೆಯೇ ಹಿಡಿದಳು. ಮುಂದಿನ ಸಲ ಕೇಕು ಸಮತಟ್ಟಾಗಿಯೇ ಬರಬೇಕು. ಬಂದ ಮೇಲೆ ಅವರು ಯಾವ ಕಾರಣ ಹೇಳುತ್ತಾರೋ ಅದನ್ನೂ ಅದೇ ಪುಸ್ತಕದಲ್ಲಿ ಬರೆಯಬೇಕು.

ಕೆಲಸ ಸುಲಭವಾಗಿರಲಿಲ್ಲ. ಮನೆಯಲ್ಲಿ ಓವನ್ ಇಲ್ಲ. ದಪ್ಪ ತಳದ ಪಾತ್ರೆಯಲ್ಲಿ ಉಪ್ಪು ಹರಡಿ, ಅದರೊಳಗೆ ಕೇಕಿನ ಡಬ್ಬಿ ಇಟ್ಟು, ಮುಚ್ಚಿ ಬೇಯಿಸುವುದು. ಮೊದಲ ಸಲ ಉಬ್ಬನ್ನು ದಾರದಿಂದ ಕೊಯ್ದಳು. ಮೇಲೆಲ್ಲ ಪುಡಿ ಎದ್ದಿತು. ಇನ್ನೊಮ್ಮೆ, ಬಿಸಿಯಿರುವಾಗಲೇ ಬಟ್ಟೆ ಹಾಕಿ ಅಂಗೈಯಿಂದ ಒತ್ತಿದಳು. ನೋಡಲು ಸಮವಾಯಿತು, ಒಳಗೆ ಅಂಟಂಟಾಗಿ ಗಟ್ಟಿಯಾಯಿತು. ಅವಳ ಗಂಡ ಸುಭಾಸ ಗೋಡೆ ಕಟ್ಟುವ ಗವಂಡಿ. ಒಂದು ತುಣುಕು ಬಾಯಿಗೆ ಹಾಕಿಕೊಂಡು, "ಇದನ್ನ ಪಾಯಾಕ್ಕ ಹಾಕಬೌದ ನೋಡು," ಎಂದ.

"ನಗಬ್ಯಾಡ. ಹ್ವಾದ ತಿಂಗಳ ನಿನ್ನ ಗ್ವಾಡಿ ವಾಲಿದಾಗ ನಾ ನಕ್ಕೇನೇನು?"

ಭಾಗ್ಯಾಳ ತಾಯಿ ಸಾವಕ್ಕ ಕಟ್ಟೆಯ ಮೇಲೆ ಕುಳಿತು ನೀರಿನ ಗಡಿಗೆಗೆ ಹಸಿ ಬಟ್ಟೆ ಸುತ್ತುತ್ತಿದ್ದಳು. ತಮ್ಮ ಮನೆಮಾತಿನಲ್ಲಿ ಅವಳು ಹೇಳಿದ್ದರ ಸಾರ ಇಷ್ಟು: ಕಾವು ಮೊದಲು ಬಡಿಯುವುದು ಅಂಚಿಗೆ. ಅಂಚು ಬೇಗ ಬೆಂದು, ಬಿರುಸಾಗಿ, ಅಲ್ಲಿಗೇ ನಿಂತುಬಿಡುತ್ತದೆ; ಹಸಿಯಿರುವ ನಡು ಏಳುತ್ತಲೇ ಹೋಗುತ್ತದೆ. ನಡುವನ್ನು ಯಾಕೆ ಒತ್ತುತ್ತೀ? ಅಂಚನ್ನು ತಂಪಾಗಿಡು, ಅದೂ ಏಳಲಿ.

ಭಾಗ್ಯಾ ಹಳೆಯ ನೂಲಿನ ಸೀರೆಯಿಂದ ನಾಲ್ಕು ಬೆರಳಗಲದ ಪಟ್ಟಿ ಹರಿದಳು. ನೀರಿನಲ್ಲಿ ಅದ್ದಿ, ಹಿಂಡಿ, ಡಬ್ಬಿಯ ಹೊರಗೆ ಎರಡು ಸುತ್ತು ಬಿಗಿದಳು. ಉರಿ ತಗ್ಗಿಸಿದಳು. ನಲವತ್ತು ನಿಮಿಷದ ಕೆಲಸ ಒಂದೂಕಾಲು ಗಂಟೆ ಹಿಡಿಯಿತು. ಮುಚ್ಚಳ ತೆಗೆದಾಗ ಅಂಚೂ ನಡುವೂ ಒಂದೇ ಎತ್ತರದಲ್ಲಿದ್ದವು.

ಈ ವರ್ಷದ ವಾರ್ಷಿಕೋತ್ಸವದ ದಿನ ಅಂಥದೇ ಕೇಕನ್ನು ತಂದು ಮುಂದಿನ ಮೇಜಿನ ಮೇಲೆ, ಠರಾವು ಪುಸ್ತಕದ ಪಕ್ಕದಲ್ಲಿ ಇಟ್ಟಳು. ಕೇಕಿನ ಮೇಲೆ ಬೆಣ್ಣೆಕಾಗದ, ಅದರ ಮೇಲೆ ಸುಭಾಸನ ರಸಮಟ್ಟ. ಗೋಡೆಯ ಮಟ್ಟ ನೋಡುವ ಆ ಪಟ್ಟಿಯ ಗಾಜಿನೊಳಗೆ ಗುಳ್ಳೆ ಸರಿಯಾಗಿ ನಡುಮಧ್ಯೆ ನಿಂತಿತ್ತು.

"ಇದೇನ ಭಾಗ್ಯಾ, ಮನಿ ಕಟ್ಟಾಕ ನಿಂತಿಯೇನು?" ಎಂದರು ಸುಮಿತ್ರವ್ವ.

"ಇಲ್ರಿ ಅಕ್ಕಾರ. ಹ್ವಾದ ವರ್ಷ ಮಟ್ಟ ಇಲ್ಲ ಅಂದಿದ್ರಿ. ಈಗ ನೀವ ನೋಡ್ರಿ."

ಹೆಂಗಸರು ನಕ್ಕರು. ಸುಮಿತ್ರವ್ವ ನಗಲಿಲ್ಲ. "ಮಟ್ಟ ಐತಿ, ಖರೆ. ಆದರ ತತ್ತಿ ಹಾಕಿರ್ತೀ. ನಮಗ ನಡಿಯೂದಿಲ್ಲ."

"ತತ್ತಿ ಇಲ್ರಿ, ಮೊಸರು ಹಾಕೇನಿ. ಮೊಸರೂ ನಿಮ್ಮ ಮನೀದ ರೀ. ನೇತ್ರಾ ಅಕ್ಕಾರ ಕೊಟ್ಟಾರ."

ಸುಮಿತ್ರವ್ವನವರ ಸೊಸೆ ನೇತ್ರಾ ಅಲ್ಲಿಯೇ ಕುಳಿತಿದ್ದಳು. ತಲೆ ತಗ್ಗಿಸಲಿಲ್ಲ.

"ಡಬ್ಬಿ ಯಾವುದು?" ಎಂದರು ಸುಮಿತ್ರವ್ವ.

"ಹೊಸಾದ್ರಿ. ಅಂಗಡಿ ರಸೀದಿ ಐತಿ."

"ಏನರ ಇರಲಿ. ನಂದು ಇವತ್ತ ಸೋಮವಾರದ ಉಪವಾಸ."

"ಇವತ್ತ ಮಂಗಳವಾರ ಐತ್ರಿ ಅತ್ತ್ಯಾರ," ಎಂದಳು ನೇತ್ರಾ.

ಸುಮಿತ್ರವ್ವನವರ ಮುಖ ಕೆಂಪಾಯಿತು. "ಆತು, ಹಿಂದಿನ ಖೋಲ್ಯಾಗ ಇಡು ಅದನ್ನ. ಬೇಕರೀದು ಬರಾಕತ್ತೈತಿ."

ಭಾಗ್ಯಾ ಪುಸ್ತಕ ತೆರೆದು ಪೆನ್ನಿನ ಟೋಪಿ ತೆಗೆದಳು. "ಇಡಂಗಿಲ್ರಿ. ನನ್ನ ಕೇಕು ಇನ್ನ ಹಿಂದಿನ ಖೋಲಿಗೆ ಹೋಗೂದಿಲ್ಲ. ನೀವು ತಿನ್ನದಿದ್ರ ಬಿಡ್ರಿ, ಜುಲುಮಿ ಇಲ್ಲ. ಕಾರಣ ಹೇಳ್ರಿ, ಬರೀತೀನಿ."

"ಎಲ್ಲಾದಕ್ಕೂ ಕಾರಣ ಬೇಕೇನ ನಿನಗ?"

"ಹ್ವಾದ ವರ್ಷ ನೀವ ಬರಿಸಿದ್ರಲ್ರಿ."

ನಿಜವಾದ ಕಾರಣವನ್ನು ಹೇಳಲು ಸುಮಿತ್ರವ್ವನವರಿಗೆ ನಾಚಿಕೆಯಿತ್ತು. ಅದರಂತೆ ನಡೆಯಲು ನಾಚಿಕೆಯಿರಲಿಲ್ಲ. ಅನ್ಯಾಯ ಇಷ್ಟು ಕಾಲ ಬದುಕಿರುವುದು ಈ ಎರಡರ ನಡುವಿನ ಸಂದಿಯಲ್ಲಿಯೇ.

ಭಾಗ್ಯಾ ರಸಮಟ್ಟ ಎತ್ತಿಟ್ಟು ಕೇಕು ಕೊಯ್ದಳು. ಮೊದಲ ತುಂಡನ್ನು ಎಲ್ಲರೆದುರು ನಿಂತು ತಾನೇ ತಿಂದಳು. ಕೈ ಒರೆಸಿಕೊಂಡು ಬರೆದಳು. ಬರೆದದ್ದನ್ನು ಗಟ್ಟಿಯಾಗಿ ಓದಿದಳು: 'ಸದಸ್ಯೆಯ ಕೇಕಿನ ಮೇಲ್ಭಾಗ ಸಮತಟ್ಟಾಗಿತ್ತು. ಅಧ್ಯಕ್ಷರು ಅದನ್ನು ತಿನ್ನಲಿಲ್ಲ. ಕಾರಣ ಕೇಳಲಾಯಿತು. ಹೇಳಲಿಲ್ಲ.'

"ಖರೆ ಅನಸಿದವರು ಸಹಿ ಮಾಡ್ರಿ."

ನೇತ್ರಾ ಎದ್ದು ಬಂದು ಸಹಿ ಮಾಡಿದಳು. ಅತ್ತೆಯ ಕಣ್ಣೆದುರೇ ಒಂದು ತುಂಡು ತೆಗೆದುಕೊಂಡಳು. ಆಮೇಲೆ ಒಬ್ಬೊಬ್ಬರಾಗಿ ಹತ್ತು ಮಂದಿ ಬಂದರು. ಉಳಿದವರು ಬಾಗಿಲ ಕಡೆ ನೋಡುತ್ತ ಕುಳಿತರು.

"ಆ ಹಾಳಿ ಹರದ ಒಗಿ," ಎಂದರು ಸುಮಿತ್ರವ್ವ, ದನಿ ತಗ್ಗಿಸಿ.

"ಹರಿಯಾಕ ಬರೂದಿಲ್ರಿ ಅಕ್ಕಾರ. ಹಾಳಿಗೆ ನಂಬರ್ ಐತಿ. ಮುಂದಿನ ಸಭಾದಾಗ ಮೊದಲ ಇದನ್ನ ಓದಬೇಕು. ಈ ನಿಯಮಾನೂ ನೀವ ಮಾಡಿದ್ದು."

ಅಧ್ಯಕ್ಷರ ಸಹಿಯ ಜಾಗವನ್ನು ಖಾಲಿ ಬಿಟ್ಟು ಅವಳು ಪುಸ್ತಕ ಮುಚ್ಚಿದಳು. ಅಷ್ಟರಲ್ಲಿ ಬೇಕರಿಯ ಶಫೀಕ ದೊಡ್ಡ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತ.

"ಎಲ್ಲಿ ಇಡಲೇ ಅಕ್ಕಾ ಇದನ್ನ?"

"ಮೇಜಿನ ಮ್ಯಾಲ ಜಾಗಾ ಇಲ್ಲಣ್ಣಾ," ಎಂದಳು ಭಾಗ್ಯಾ. "ಹಿಂದಿನ ಖೋಲ್ಯಾಗ ಇಡು."