ಮೂಲೆ ಅಂಗಡಿ ಬಂದ ಕೂಡಲೇ

ಕೆಟ್ಟ ಕಂಪ್ಯೂಟರ್ ಮುಂದೆ ಕೈ ಮುಗಿದು ಕೂರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದೇನು ಮುನಿಸಿಕೊಂಡು ಕೋಣೆ ಸೇರಿದ ಅಳಿಯನೇ, ಬೇಡಿಕೊಂಡರೆ ಎದ್ದು ಬರಲಿಕ್ಕೆ? ಕೆಟ್ಟಿದೆ ಎಂದರೆ ಅದಕ್ಕೊಂದು ಕಾರಣವಿದೆ, ಆ ಕಾರಣ ಒಳಗೇ ಎಲ್ಲೋ ಕೂತಿದೆ, ಹುಡುಕಿದರೆ ಸಿಗುತ್ತದೆ. ಮಾರುಕಟ್ಟೆಯ ಮಹಡಿಯಲ್ಲಿರುವ ನನ್ನ ರಿಪೇರಿ ಅಂಗಡಿಗೆ ಬರುವವರಿಗೆಲ್ಲ ನಾನು ಹೇಳುವುದು ಇಷ್ಟೇ. ಕೇಳಿದವರು ಮುಖ ಸಿಂಡರಿಸಿಕೊಂಡು ಹೋಗುತ್ತಾರೆ. ಸಂಜೆ ಬಂದು ನಗುನಗುತ್ತ ಕಂಪ್ಯೂಟರ್ ಎತ್ತಿಕೊಂಡು ಹೋಗುವವರೂ ಅವರೇ.

ಆದ್ದರಿಂದ ಅವತ್ತು ಬೆಳಗ್ಗೆ ತಂಗಿ ಫೋನ್ ಮಾಡಿ, ಇನ್ನು ತನ್ನ ಕೈಲಾಗದು ಎಂದು ಅಳುವ ದನಿಯಲ್ಲಿ ಹೇಳಿದಾಗ ನನಗೆ ಮರುಕಕ್ಕಿಂತ ಮೊದಲು ಸಿಟ್ಟು ಬಂತು. ಇಷ್ಟು ದಿನ ಬಾಯಿ ಹೊಲಿದುಕೊಂಡು ಕೂತು, ಕೊನೆಯ ದಿನ ಅಕ್ಕ ನೆನಪಾದಳೇ ಎಂದು ಚೆನ್ನಾಗಿ ಬೈದೆ. ಬೈಯುತ್ತಲೇ ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ತುಂಬಿ, ಅಂಗಡಿಯ ಬಾಗಿಲು ಎಳೆದು, ಅವಳೂ ಅಮ್ಮನೂ ಇರುವ ಮನೆಗೆ ಹೊರಟೆ.

ತಂಗಿ ಕಟ್ಟಡಗಳ ನಕ್ಷೆ ಬಿಡಿಸುವವಳು. ನಮ್ಮೂರ ಹಳೆಯ ಬಸ್ ನಿಲ್ದಾಣವನ್ನು ಕೆಡವಿದ ಮೇಲೆ, ಹೊಸದು ಹೇಗಿರಬೇಕೆಂದು ಯಾರು ಬೇಕಾದರೂ ವಿನ್ಯಾಸ ಕಳಿಸಬಹುದು ಎಂದು ನಗರಸಭೆಯವರು ಪ್ರಕಟಿಸಿದ್ದರು. ನಕ್ಷೆಯ ಜೊತೆಗೆ, ನಿಲ್ದಾಣದೊಳಗೆ ನಾವೇ ನಡೆದು ಹೋಗುತ್ತಿರುವಂತೆ ತೋರಿಸುವ ಒಂದು ಪುಟ್ಟ ವಿಡಿಯೊ ಕೂಡ ಬೇಕು. ಅದಿಲ್ಲದಿದ್ದರೆ ನಕ್ಷೆಯನ್ನು ಬಿಚ್ಚಿಯೂ ನೋಡುವುದಿಲ್ಲ. ಅವತ್ತು ಸಂಜೆ ಐದಕ್ಕೆ ಗಡುವು ಮುಗಿಯುತ್ತಿತ್ತು. ಇದಕ್ಕಾಗಿಯೇ ತಂಗಿ ಇದ್ದ ಕೆಲಸ ಬಿಟ್ಟು ಕೂತಿದ್ದಳು. ಅಲ್ಲಿ ಇವಳು ಬಿಡಿಸಿದ್ದಕ್ಕೆಲ್ಲ ಯಜಮಾನ ತನ್ನ ಹೆಸರು ಹಾಕಿಕೊಳ್ಳುತ್ತಿದ್ದ. ಇದು ಕೈತಪ್ಪಿದರೆ ತಲೆ ತಗ್ಗಿಸಿಕೊಂಡು ಅದೇ ಮೇಜಿಗೆ ಮರಳಬೇಕು. ಇವಳು ಹೊರಡುವ ದಿನ ಅವನು, ಕುರ್ಚಿ ಖಾಲಿಯೇ ಇಟ್ಟಿರುತ್ತೇನೆ ಎಂದು ನಕ್ಕಿದ್ದನಂತೆ. ಆ ನಗುವನ್ನು ನೆನೆಸಿಕೊಂಡರೆ ಕಾಣದ ನನಗೇ ರಕ್ತ ಕುದಿಯುತ್ತದೆ.

ಅಮ್ಮ ವರಾಂಡದಲ್ಲಿ ತನ್ನ ಹೊಲಿಗೆ ಯಂತ್ರದ ಪಕ್ಕ ಸುಮ್ಮನೆ ಕೂತಿದ್ದಳು. ಅಮ್ಮ ಸುಮ್ಮನೆ ಕೂರುವ ಜಾತಿಯಲ್ಲ. ಹಳೆಯ ಬಸ್ ನಿಲ್ದಾಣದ ಮೂಲೆಯಲ್ಲಿ ಅವಳದೊಂದು ಹೊಲಿಗೆ ಅಂಗಡಿಯಿತ್ತು. ನಾವಿಬ್ಬರೂ ಅಲ್ಲೇ ಚಿಂದಿ ಬಟ್ಟೆಗಳ ನಡುವೆ ಬೆಳೆದವರು. ನಿಲ್ದಾಣದ ಜೊತೆ ಅಂಗಡಿಯೂ ಹೋಯಿತು. ಅಂದಿನಿಂದ ಅವಳ ಕೈ ಮನೆಯ ಸಾಮಾನುಗಳ ಮೇಲೆ ಬಿದ್ದಿತ್ತು. ಎಲ್ಲೇ ಒಂದು ಎಳೆ ಜೋತಾಡಿದರೂ ಅವಳಿಗೆ ಸಹಿಸದು. ಕತ್ತರಿಸಬೇಕು, ಇಲ್ಲವೇ ಒಳಕ್ಕೆ ಮಡಿಸಿ ಹೊಲಿಯಬೇಕು. ದಾರಿಯಲ್ಲಿ ಹೋಗುವ ಅಪರಿಚಿತರನ್ನು ನಿಲ್ಲಿಸಿ, ಅವರ ತೋಳಿನ ದಾರ ಕತ್ತರಿಸಿ ಕಳಿಸಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಒಳಗೆ ಬಾ ಎಂದು ಕರೆದೆ. ಅವಳು ತಲೆಯಾಡಿಸಿದಳು.

"ಆ ರೂಮಿಗೆ ಕಾಲಿಡಬೇಡ ಅಂದಿದ್ದಾಳೆ ಕಣೆ. ಪಾಪ, ತಲೆ ಕೆಟ್ಟುಹೋಗಿದೆ ಅವಳಿಗೆ. ನೀನೂ ರೇಗಬೇಡ."

ಆ ರೂಮು ಮೊದಲು ಅಮ್ಮನದೇ. ಮಗಳಿಗೆ ಬೆಳಕಿರಲಿ ಎಂದು ತಾನೇ ಬಿಟ್ಟುಕೊಟ್ಟು ವರಾಂಡಕ್ಕೆ ಬಂದವಳು. ನನಗೆ ತಂಗಿಯ ಮೇಲಿನ ಸಿಟ್ಟು ಇನ್ನೊಂದು ಮೆಟ್ಟಿಲು ಏರಿತು. ಆದರೆ ಒಳಗೆ ಹೋಗಿ ಅವಳ ಮುಖ ನೋಡಿದ ಮೇಲೆ ಬೈಯುವುದನ್ನು ಬಿಟ್ಟು ಚೀಲ ಕೆಳಗಿಟ್ಟೆ. ಕಣ್ಣು ಕೆಂಪಗೆ, ಕೂದಲು ಕೆದರಿ, ಕೀಬೋರ್ಡಿನ ಪಕ್ಕ ಆರಿದ ಟೀ ಲೋಟಗಳ ಸಾಲು.

ಸಮಸ್ಯೆ ಇದು. ವಿಡಿಯೊ ಎಂದರೆ ಸಾವಿರಾರು ಚಿತ್ರಗಳ ಸರಮಾಲೆ. ಬೆಳಕು, ನೆರಳು, ಗಾಜಿನ ಹೊಳಪು ಎಲ್ಲವನ್ನೂ ಲೆಕ್ಕ ಹಾಕಿ ಒಂದೊಂದು ಚಿತ್ರವನ್ನೂ ಬಿಡಿಸುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸ. ಒಂದೇ ಕಾರ್ಡಿನಿಂದ ಮುಗಿಯುವುದಿಲ್ಲವೆಂದು ತಂಗಿ ಅಂಥದೇ ಇನ್ನೊಂದನ್ನು ತಂದು ಹಾಕಿಸಿದ್ದಳು. ಮೊದಮೊದಲು ಎರಡೂ ಹೆಗಲು ಕೊಟ್ಟು ದುಡಿದವು. ನಿಲ್ದಾಣದ ಹೆಬ್ಬಾಗಿಲು ಮುಗಿಯಿತು, ಬಸ್ಸು ನಿಲ್ಲುವ ಕಟ್ಟೆ ಮುಗಿಯಿತು, ಟಿಕೆಟ್ ಕಿಟಕಿಯೂ ಮುಗಿಯಿತು. ಆಮೇಲೆ ದೃಶ್ಯ ತಿರುಗಿ ಮೂಲೆಯ ಅಂಗಡಿ ಬಂದ ಕೂಡಲೇ ಕಂಪ್ಯೂಟರ್ ಪಟ್ ಎಂದು ಆರಿಹೋಗುತ್ತಿತ್ತು. ಎಷ್ಟು ಸಲ ಹಚ್ಚಿದರೂ ಅಲ್ಲೇ. ತಂಗಿ ಕಾರ್ಡುಗಳನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರನ್ನು ತೆಗೆದು ಹಾಕಿ, ಹಾಕಿ ತೆಗೆದು ಸುಸ್ತಾಗಿದ್ದಳು.

"ಸಾಫ್ಟ್‌ವೇರ್ ಕೆಟ್ಟರೆ ಕಂಪ್ಯೂಟರ್ ಗೊಣಗುತ್ತೆ ಪುಟ್ಟಿ, ಪರದೆ ಮೇಲೆ ಏನಾದ್ರೂ ಬರೆದು ತೋರಿಸುತ್ತೆ" ಎಂದೆ. "ಹೀಗೆ ಒಂದೇ ಏಟಿಗೆ ಉಸಿರು ನಿಂತರೆ ಅದು ಬಿಸಿಯದ್ದು, ಇಲ್ಲ ಕರೆಂಟಿನದ್ದು. ಇಷ್ಟು ದಿನ ನೀನು ಕಾಲು ನೋವಿಗೆ ಕಣ್ಣಿಗೆ ಔಷಧಿ ಹಾಕ್ತಾ ಕೂತಿದ್ದೆ."

ಆದರೂ ಸಮಯ ಕಡಿಮೆ. ಸುಲಭದ ದಾರಿ ಇದ್ದರೆ ಅದನ್ನು ಬಿಡುವ ಪೈಕಿ ನಾನಲ್ಲ. ಆ ಮೂಲೆ ಅಂಗಡಿಯೊಂದನ್ನು ತೆಗೆದು ಹಾಕು, ಖಾಲಿ ಗೋಡೆ ಇರಲಿ, ವಿಡಿಯೊ ಸಲೀಸಾಗಿ ಮುಗಿಯುತ್ತದೆ ಎಂದು ಹೇಳಿದೆ. ತಂಗಿ ನನ್ನನ್ನು ದುರುಗುಟ್ಟಿ ನೋಡಿದಳು.

"ಅದೊಂದು ಬಿಟ್ಟು ಏನು ಬೇಕಾದ್ರೂ ತೆಗೀತೀನಿ ಅಕ್ಕ. ಅದನ್ನ ತೆಗೆದು ಕಳಿಸೋದಾದ್ರೆ ಕಳಿಸೋದೇ ಬೇಡ."

ಇಂಥ ಹಟಮಾರಿಗೆ ಏನು ಹೇಳುವುದು? ಒಂದು ಅಂಗಡಿಗಾಗಿ ಇಡೀ ನಿಲ್ದಾಣ ಬಿಡುತ್ತಾಳಂತೆ. ಸರಿ ತಾಯಿ ಎಂದು ತೋಳು ಮಡಚಿದೆ.

ಕ್ಯಾಬಿನೆಟ್ಟಿನ ಒಂದು ಮಗ್ಗುಲು ಗಾಜಿನದು. ಒಳಗೆ ನೋಡಿದರೆ ಕಣ್ಣಿಗೆ ಹಬ್ಬ. ಒಂದು ವೈರೂ ಅಡ್ಡಾದಿಡ್ಡಿ ಇಲ್ಲ, ಧೂಳಿನ ಸುಳಿವಿಲ್ಲ, ಎರಡು ಕಾರ್ಡುಗಳೂ ತಮ್ಮ ತಮ್ಮ ಸ್ಲಾಟಿನಲ್ಲಿ ನೆಟ್ಟಗೆ ಕೂತಿವೆ. ಜೋಡಿಸಿದವರು ಯಾರೇ ಇರಲಿ, ಕೆಲಸ ಬಲ್ಲವರು ಎಂದು ಮೆಚ್ಚಿಕೊಂಡೆ. ಇಷ್ಟು ಅಚ್ಚುಕಟ್ಟಾಗಿ ಇದ್ದದ್ದೇ ಅಂದು ನನ್ನ ಬೆಳಗನ್ನೆಲ್ಲ ನುಂಗಿತು. ಕೊಳಕು ಕಂಡರೆ ಮೊದಲು ಅಲ್ಲಿ ಕೈ ಹಾಕುತ್ತಿದ್ದೆ.

ಮೊದಲು ಬಿಸಿಯನ್ನು ನೋಡಿದೆ. ಗಾಜು ತೆಗೆದು ಟೇಬಲ್ ಫ್ಯಾನ್ ತಂದು ಒಳಕ್ಕೇ ಗಾಳಿ ಬೀಸಿದೆ. ಕಾರ್ಡುಗಳು ತಣ್ಣಗಿದ್ದವು, ಮೂಲೆ ಅಂಗಡಿ ಬಂತು, ಪಟ್. ಬಿಸಿಯ ಮಾತು ಅಲ್ಲಿಗೆ ಮುಗಿಯಿತು. ಆಮೇಲೆ ಒಂದು ಕಾರ್ಡನ್ನು ಬಿಚ್ಚಿಟ್ಟು ಇನ್ನೊಂದರಿಂದಲೇ ಮೂಲೆಯನ್ನು ಬಿಡಿಸಿ ನೋಡಿದೆ. ಆಮೆಯ ಹಾಗೆ ತೆವಳಿದರೂ ಆರಲಿಲ್ಲ. ಅದನ್ನು ತೆಗೆದು ಮೊದಲಿನದನ್ನು ಹಾಕಿದೆ, ಅದೂ ಆರಲಿಲ್ಲ. ಸ್ಲಾಟು ಅದಲುಬದಲು ಮಾಡಿದೆ, ಎಲ್ಲವೂ ಸರಿ. ಕಾರ್ಡುಗಳು ಚಿನ್ನದಂಥವು. ಅವು ಕೂರುವ ಮದರ್‌ಬೋರ್ಡಿಗೂ ಏನೂ ಆಗಿಲ್ಲ. ಒಂಟಿಯಾಗಿದ್ದರೆ ಸಾಧುಗಳು, ಎರಡನ್ನೂ ಕೂಡಿಸಿ ಭಾರದ ಕೆಲಸ ಕೊಟ್ಟರೆ ಮಾತ್ರ ಮನೆಯ ದೀಪ ಆರಿಸುತ್ತವೆ.

ಒಂದೇ ಕಾರ್ಡಿನಲ್ಲಿ ಮುಗಿಸೋಣವೇ ಎಂದು ತಂಗಿ ಕೇಳಿದಳು. ಲೆಕ್ಕ ಹಾಕಿದರೆ ಸಂಜೆ ಐದು ದಾಟಿಹೋಗುತ್ತಿತ್ತು. ನಾನು ಅವಳ ತಲೆಗೊಂದು ಮೊಟಕಿದೆ. ಕಳ್ಳ ಎಲ್ಲೆಲ್ಲಿ ಇಲ್ಲ ಎಂದು ಗೊತ್ತಾಯಿತಲ್ಲ, ಉಳಿದಿರುವುದು ಒಂದೇ ಮನೆ, ಕರೆಂಟಿನದು ಎಂದೆ. ಎಲ್ಲ ಭಾಗಗಳಿಗೂ ಕರೆಂಟು ಹಂಚುವ ಪವರ್ ಸಪ್ಲೈ ಡಬ್ಬಿ ಸೋತಿದ್ದರೆ ನನ್ನ ಅಂಗಡಿಯಿಂದ ಇನ್ನೊಂದು ತಂದು ಹಾಕಿದರಾಯಿತು. ಅದನ್ನು ಹೊರಗೆಳೆಯಲು ಕ್ಯಾಬಿನೆಟ್ಟನ್ನು ತಿರುಗಿಸಿ, ಹಿಂಬದಿಯ ತಗಡಿನ ಬಾಗಿಲು ಬಿಚ್ಚಿದೆ.

ಅಲ್ಲಿತ್ತು.

ಒಂದು ದಪ್ಪ ಕಪ್ಪು ವೈರು, ಯಾವುದಕ್ಕೂ ಸಿಕ್ಕಿಸದೆ, ನೀಟಾಗಿ ಸುರುಳಿ ಸುತ್ತಿ ಮೂಲೆಗೆ ಒತ್ತಿಟ್ಟಿತ್ತು. ಅದರ ನಡುವಿಗೆ ಕಪ್ಪು ದಾರ ಬಿಗಿದು ಗಂಟು ಹಾಕಿತ್ತು. ಅದು ಎರಡನೆಯ ಕಾರ್ಡಿಗೆ ಕರೆಂಟು ಒಯ್ಯಬೇಕಾದ ವೈರು. ಹಾಗಾದರೆ ಎರಡನೆಯ ಕಾರ್ಡಿಗೆ ಕರೆಂಟು ಎಲ್ಲಿಂದ ಬರುತ್ತಿದೆ ಎಂದು ಬೆರಳಾಡಿಸುತ್ತ ಹೋದೆ. ಮೊದಲನೆಯ ಕಾರ್ಡಿನ ವೈರಿಗೆ ತುದಿಯಲ್ಲಿ ಎರಡು ತಲೆ. ಮಿಕ್ಕಿದ್ದ ತಲೆಯನ್ನು ಎರಡನೆಯದಕ್ಕೆ ಚುಚ್ಚಿತ್ತು. ಎರಡೂ ಕೂಡುವ ಜಾಗ ತಗಡಿನ ಹಿಂದೆ ಮರೆಯಾಗಿದ್ದರಿಂದ ಮುಂದಿನಿಂದ ನನಗೆ ಎರಡು ವೈರುಗಳಂತೆಯೇ ಕಂಡಿತ್ತು. ಒಂದೇ ವೈರಿನ ಮೇಲೆ ಇಬ್ಬರ ಹೊಟ್ಟೆಪಾಡು. ಹಗುರ ಕೆಲಸ ಇದ್ದಾಗ ಹೇಗೋ ನಡೆಯುತ್ತಿತ್ತು. ಇಬ್ಬರೂ ಒಟ್ಟಿಗೆ ಜೋರಾಗಿ ಎಳೆದಾಗ ಪವರ್ ಸಪ್ಲೈ ಹೆದರಿ ತನ್ನನ್ನು ತಾನೇ ಆರಿಸಿಕೊಳ್ಳುತ್ತಿತ್ತು.

ಕಾರಣ ಸಿಕ್ಕಿತು ಎಂದು ಕುಣಿಯಬೇಕಾದ ನಾನು ಆ ಗಂಟನ್ನೇ ನೋಡುತ್ತ ಕೂತೆ. ಎರಡು ಸುತ್ತು ಬಳಸಿ, ತುದಿಯನ್ನು ಒಳಗೇ ನುಸುಳಿಸಿ, ಹೊರಗೆ ಒಂದು ಎಳೆಯೂ ಕಾಣದಂತೆ ಮುಚ್ಚಿದ ಗಂಟು. ನನ್ನ ಶಾಲೆಯ ಅಂಗಿಯ ಗುಂಡಿಗಳೆಲ್ಲ ಇದೇ ಗಂಟಿನಲ್ಲಿ ನಿಂತಿದ್ದವು. ಪಕ್ಕಕ್ಕೆ ತಿರುಗಿದೆ. ತಂಗಿಯೂ ಅದನ್ನೇ ನೋಡುತ್ತಿದ್ದಳು, ಅವಳಿಗೂ ಗೊತ್ತಾಗಿತ್ತು. ಹೋದ ವಾರ ಅಮ್ಮ ಇದರ ಧೂಳು ಒರೆಸಿದ್ದಳು ಎಂದು ಮೆಲ್ಲಗೆ ಹೇಳಿದಳು.

ಒಂದು ಗಳಿಗೆ ನನಗೂ ಅನ್ನಿಸಿತು, ಕತ್ತರಿ ತಂದು ದಾರ ಕತ್ತರಿಸಿ, ಡಬ್ಬಿ ಸೋತಿತ್ತು ಎಂದು ಒಂದು ಕಥೆ ಕಟ್ಟಿಬಿಡೋಣ ಎಂದು. ಅಂಗಡಿ ಹೋದ ಮೇಲೆ ಮಗಳ ಕೆಲಸದಲ್ಲಿ ಅಮ್ಮನಿಗಿದ್ದ ಪಾಲು ಎಂದರೆ ಈ ಒರೆಸುವುದು, ಓರಣ ಮಾಡುವುದು ಅಷ್ಟೇ. ಅದೂ ತಪ್ಪು ಎಂದು ಗೊತ್ತಾದರೆ ಆ ಜೀವಕ್ಕೆ ಹೇಗಾಗಬೇಡ? ಆದರೆ ಮುಚ್ಚಿಟ್ಟರೆ ಮುಂದಿನ ವಾರ ಮತ್ತೆ ಕಟ್ಟುತ್ತಾಳೆ. ಅಲ್ಲದೆ ಅಮ್ಮ ಮಗುವಲ್ಲ. ಜೀವಮಾನವೆಲ್ಲ ತಪ್ಪಿದ ಹೊಲಿಗೆ ಬಿಚ್ಚಿ ಮತ್ತೆ ಹೊಲಿದವಳು.

"ಅಮ್ಮ, ಸೂಜಿ ತಗೊಂಡು ಬಾ" ಎಂದು ಕೂಗಿದೆ.

ಅಮ್ಮ ಬಂದು ಹೊಸ್ತಿಲ ಹೊರಗೇ ನಿಂತಳು. ತಂಗಿಯ ಮುಖ ನೋಡಿ, ಬರಲೇ ಎಂದು ಕೇಳಿದಳು. ಹೆತ್ತ ತಾಯಿ ಹಾಗೆ ಕೇಳಿದ್ದು ನನಗೆ ಚುಚ್ಚಿತು. ತಂಗಿಗೂ ಚುಚ್ಚಿರಬೇಕು, ಎದ್ದು ಹೋಗಿ ಕೈ ಹಿಡಿದು ಕರೆತಂದಳು. ಅಮ್ಮ ಬಗ್ಗಿ ನೋಡಿದಳು. ಅವಳಿಗೆ ತನ್ನ ಗಂಟು ಗುರುತಿಸಲು ಎಷ್ಟು ಹೊತ್ತು ಬೇಕು?

"ನನ್ನಿಂದಾನಾ?"

"ನಿನ್ನಿಂದಾನೇ" ಎಂದೆ.

ಅವಳ ಮುಖ ಬಿಳಿಚಿತು. ಒರೆಸುವಾಗ ವೈರುಗಳನ್ನು ಬಿಚ್ಚಿದ್ದೆ ಕಣೆ, ಮತ್ತೆ ಹಾಕುವಾಗ ಒಂದರ ತುದಿಯಲ್ಲಿ ಮಿಕ್ಕಿದ ತಲೆ ಜೋತಾಡುತ್ತಿತ್ತು, ಅಳತೆಯೂ ಒಂದೇ, ಅದನ್ನೇ ಎರಡನೆಯದಕ್ಕೆ ಹಾಕಿದರೆ ಒಂದು ವೈರು ಉಳಿಯುತ್ತದೆಂದು ಹಾಗೆ ಮಾಡಿದೆ, ದೀಪವೂ ಹತ್ತಿತಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ನಾನು ಅವಳಿಗೆ ಎರಡೂ ಕಾರ್ಡನ್ನು ತೋರಿಸಿ, ಜೋರಾಗಿ ದುಡಿಯುವಾಗ ಒಂದೊಂದಕ್ಕೂ ತನ್ನದೇ ವೈರು ಬೇಕು ಎಂದು ಬಿಡಿಸಿ ಹೇಳಿದೆ. ಅಮ್ಮ ಹುಬ್ಬು ಗಂಟಿಕ್ಕಿ ಕೇಳಿದಳು.

"ಅಂದ್ರೆ ಒಂದೇ ಎಳೇಲಿ ಎರಡೂ ತೋಳು ಕೂರಿಸಿದ ಹಾಗಾಯ್ತು. ಸುಮ್ಮನೆ ನಿಂತಿದ್ರೆ ಚೆನ್ನಾಗೇ ಕಾಣುತ್ತೆ, ಕೈ ಎತ್ತಿದಾಗ ಕಿತ್ಕೊಳ್ಳುತ್ತೆ. ಸರಿ, ಪಕ್ಕಕ್ಕೆ ಸರೀರಿ ಇಬ್ಬರೂ."

ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು ಗಂಟಿನೊಳಗೆ ನುಸುಳಿಸಿ ಒಮ್ಮೆ ಮೀಟಿದಳು, ಸುರುಳಿ ಬಿಚ್ಚಿಕೊಂಡಿತು. ವೈರನ್ನು ಎರಡನೆಯ ಕಾರ್ಡಿಗೆ ತಾನೇ ಚುಚ್ಚಿದಳು. ಮಿಕ್ಕ ತಲೆ ಮತ್ತೆ ಜೋತಾಡತೊಡಗಿತು. ಅದನ್ನು ಹಾಗೇ ಬಿಡು ಎಂದಾಗ ಅಮ್ಮ ಪಟ್ಟ ಪಾಡು ದೇವರೇ ಬಲ್ಲ. ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಂತಳು.

ಮಧ್ಯಾಹ್ನವಾಗಿತ್ತು. ಮುಗಿದ ಚಿತ್ರಗಳೆಲ್ಲ ಜೋಪಾನವಾಗಿದ್ದವು, ಬಿಡಿಸಬೇಕಾದದ್ದು ಮೂಲೆಯೊಂದೇ. ತಂಗಿ ಗುಂಡಿ ಒತ್ತಿದಳು. ಫ್ಯಾನುಗಳ ಸದ್ದು ಏರಿತು. ಇಷ್ಟು ದಿನ ಆರಿಹೋಗುತ್ತಿದ್ದ ಜಾಗ ಬಂದಾಗ ತಂಗಿ ಕಣ್ಣು ಮುಚ್ಚಿಕೊಂಡಳು. ನಾನು ಮುಚ್ಚಲಿಲ್ಲ, ನನಗೆ ಗೊತ್ತಿತ್ತು. ಚಿತ್ರ ಮುಂದಕ್ಕೆ ಹೋಯಿತು, ಅದರ ಹಿಂದೆ ಇನ್ನೊಂದು, ಮತ್ತೊಂದು. ಅಮ್ಮನಿಗೆ ಹೊರಗೆ ಹೋಗಲು ತಂಗಿ ಬಿಡಲಿಲ್ಲ. ವರಾಂಡದಿಂದ ಅವಳ ಸ್ಟೂಲನ್ನೇ ಒಳಗೆ ತಂದು ಹಾಕಿದಳು.

ಐದಕ್ಕೆ ಇನ್ನೂ ಸಾಕಷ್ಟು ಮೊದಲೇ ನಕ್ಷೆ, ವಿಡಿಯೊ ಎರಡೂ ನಗರಸಭೆಗೆ ಹೋದವು. ಗೆಲ್ಲುತ್ತಾಳೋ ಇಲ್ಲವೋ ಎಂದು ನನ್ನನ್ನು ಕೇಳಬೇಡಿ. ನನ್ನ ತಂಗಿ ಅಲ್ಲವೇ, ಗೆಲ್ಲುತ್ತಾಳೆ ಎಂದೇ ನಾನು ಹೇಳುವುದು. ಆಮೇಲೆ ಅವಳು ನಮಗಾಗಿ ವಿಡಿಯೊವನ್ನು ಮೊದಲಿನಿಂದ ಹಾಕಿದಳು. ಹೆಬ್ಬಾಗಿಲು ದಾಟಿದೆವು, ಕಟ್ಟೆ ದಾಟಿದೆವು, ಟಿಕೆಟ್ ಕಿಟಕಿಯ ಮುಂದೆ ಹಾದು ಮೂಲೆಗೆ ತಿರುಗಿದೆವು.

ಅಲ್ಲೊಂದು ಹೊಲಿಗೆ ಅಂಗಡಿ ಇತ್ತು. ಅಮ್ಮನ ಯಂತ್ರ, ಅಮ್ಮನ ಸ್ಟೂಲು, ಅಮ್ಮ ಜೋಡಿಸುವ ಕ್ರಮದಲ್ಲೇ ತಿಳಿಬಣ್ಣದಿಂದ ಕಡುಬಣ್ಣಕ್ಕೆ ದಾರದ ಉಂಡೆಗಳು. ಹಳೆಯ ಅಂಗಡಿಗೆ ಕಿಟಕಿಯಿರಲಿಲ್ಲ, ಅಮ್ಮ ಅಷ್ಟು ವರ್ಷವೂ ಬಲ್ಬಿನ ಕೆಳಗೆ ಕಣ್ಣು ಕಿರಿದು ಮಾಡಿ ಹೊಲಿದಳು. ಇಲ್ಲಿ ಎಡಕ್ಕೊಂದು ದೊಡ್ಡ ಕಿಟಕಿ, ಅದರಿಂದ ಬಿಸಿಲು ನೇರ ಸೂಜಿಯ ಮೇಲೆ ಬೀಳುತ್ತಿತ್ತು. ಅದನ್ನು ತೆಗೆದು ಹಾಕು ಎಂದವಳು ನಾನು. ನನಗೆ ಅಳು ಬಂತು, ಅತ್ತೆ.

ಅಮ್ಮ ಅಳಲಿಲ್ಲ. ನಿಲ್ಲಿಸು ಎಂದು ಕೈಸನ್ನೆ ಮಾಡಿ, ಸ್ಟೂಲನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡು ಬಹಳ ಹೊತ್ತು ನೋಡಿದಳು. ಚಿತ್ರದಲ್ಲಿನ ಯಂತ್ರದ ಸೂಜಿಯಿಂದ ಒಂದು ಬಿಳಿ ಎಳೆ ಕೆಳಕ್ಕೆ ಜೋತಾಡುತ್ತಿತ್ತು. ಅವಳ ಬೆರಳು ತಾನಾಗಿಯೇ ಅಲ್ಲಿಗೆ ಹೋಯಿತು.

"ಇದೊಂದು ಎಳೆ ಹಾಗೇ ಬಿಟ್ಟಿದ್ದೀಯಲ್ಲೇ."

"ಬೇಕಂತಲೇ ಬಿಟ್ಟಿದ್ದು" ಎಂದಳು ತಂಗಿ. "ಅದನ್ನ ಕತ್ತರಿಸೋಕೆ ನೀನು ಬರ್ತೀಯಲ್ಲ."