ಸೊಸೆಯ ಸಹಿ ಒಂದೇ ಸಾಕು

ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿ ಬಿಡದ ಸುದ್ದಿಯೊಂದು ಇರುತ್ತದಲ್ಲ, ಕುಷ್ಟಗಿ ಹತ್ತಿರದ ಊರಿನ ದುರುಗವ್ವನ ಮನೆಯಲ್ಲೂ ಒಂದಿತ್ತು. ಸೊಸೆ ಕವಿತಾ ಮತ್ತೆ ಬಸುರಿ. ಕೈಗೂಸಿಗೆ ಇನ್ನೂ ಎಂಟು ತಿಂಗಳು. "ಹಾಲು ಕುಡಿಸೂ ಮಟ ಬಸುರು ನಿಲ್ಲೂದಿಲ್ಲ" ಎಂದು ಭರವಸೆ ಕೊಟ್ಟವಳು ದುರುಗವ್ವನೇ. ಈಗ ಸೊಸೆಯ ಮುಖ ನೋಡಲು ಆಕೆಗೇ ಸಂಕೋಚ.

ಹಿಂದಿನ ಹೆರಿಗೆಯಲ್ಲಿ ಕವಿತಾ ಸತ್ತು ಬದುಕಿದ್ದಳು. ಮೈಯಲ್ಲಿ ರಕ್ತವಿಲ್ಲ, ನಿಂತರೆ ತಲೆ ಸುತ್ತುತ್ತಿತ್ತು. "ಅತ್ತಿ, ನನ್ನ ಕೈಲೆ ಆಗೂದಿಲ್ಲ. ಈ ಬಸುರು ನನಗ ಬ್ಯಾಡ" ಎಂದಳು.

"ಯಂಕೇಶ ಗೋವಾದಿಂದ ಬರ್ಲಿ ತಡಿ. ತೆಗಿಸಾಕ ದವಾಖಾನ್ಯಾಗ ಅಂವ ಸಹಿ ಮಾಡಬೇಕಲ್ಲ?" ಎಂದಳು ದುರುಗವ್ವ. ದುಡಿಯಲು ಹೋದ ಮಗ ಬರುವುದು ಇನ್ನೆರಡು ತಿಂಗಳಿಗೆ.

ಆಕೆ ಹಾಗೆ ನಂಬಲು ಕಾರಣವಿತ್ತು. ಅವರ ಹೊಲದಲ್ಲಿ ಕಂಪನಿಗೆಂದು ಟೊಮ್ಯಾಟೊ ಬೀಜ ಬೆಳೆಯುತ್ತಾರೆ. ಒಂದೊಂದೇ ಮೊಗ್ಗು ಬಿಚ್ಚಿ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸವೆಲ್ಲ ಹೆಂಗಸರದು. ಕರಾರು ಪತ್ರಕ್ಕೆ ಸಹಿ ಮಾತ್ರ ಗಂಡಸರದು. ದವಾಖಾನೆಯಲ್ಲೂ ಅದೇ ಪದ್ಧತಿ ಎಂದುಕೊಂಡಿದ್ದಳು ಪಾಪ.

ಮರುದಿನ ಅತ್ತೆ ಸೊಸೆ ಇಬ್ಬರೇ ಬದುವಿನ ಮೇಲೆ ಬುತ್ತಿ ಬಿಚ್ಚಿದಾಗ ಆಶಾ ಕಾರ್ಯಕರ್ತೆ ಗೌಸಬೀ ಬಂದಳು. ಕವಿತಾಳೇ ಅವಳಿಗೆ ಹೇಳಿಕಳಿಸಿದ್ದಳು.

"ಗಂಡನ ಸಹಿ ಬೇಕಂತ ಯಾರ್ ಹೇಳ್ಯಾರ ಯವ್ವಾ? ಡಾಕ್ಟರ್ ತಪಾಸ್ ಮಾಡಿ, ಕಾನೂನು ನೋಡಿ ಹೇಳ್ತಾರ. ಆದ್ರ ಹದಿನೆಂಟು ತುಂಬಿದ ಹೆಣ್ಮಗಳಿಗೆ ಅಕೀ ಸಹಿ ಒಂದ ಸಾಕು. ಗಂಡಂದೂ ಬ್ಯಾಡ, ನಿಂದೂ ಬ್ಯಾಡ."

"ಕೂಸು ಮನಿತನದ್ದಲ್ಲೇನ?"

"ಹೋದ ಸಲ ಹೆಚ್ಚುಕಮ್ಮಿ ಆಗಿದ್ರ ಯಾರ ಜೀವ ಹೋಗ್ತಿತ್ತು?"

ದುರುಗವ್ವನ ಕೈಯಲ್ಲಿನ ರೊಟ್ಟಿ ಹಾಗೇ ಉಳಿಯಿತು. "ಹಂಗಾರ ಮೆಡಿಕಲ್ ಅಂಗಡ್ಯಾಗ ಗುಳಿಗಿ ತಂದ್ರಾತು" ಎಂದಳು ಮೆಲ್ಲಗೆ.

"ಅದೊಂದ್ ಮಾಡಬ್ಯಾಡ್ರಿ! ಡಾಕ್ಟರ್ ನೋಡ್ಲಾರದ ನುಂಗಿದ್ರ ಜೀವಕ್ಕ ಅಪಾಯ. ದೊಡ್ಡ ದವಾಖಾನಿಗೆ ಹೋಗ್ರಿ, ಲಗೂ ಹೋದಷ್ಟು ಛಲೋ. ಹೆಸರು ಗುಟ್ಟಾಗಿ ಇಡ್ತಾರ. ಇನ್ನೊಂದ್ ಕೇಳ್ರಿ. ನಾಳೆ ಅಕಿ ಇಟ್ಕೋತೀನಿ ಅಂದ್ರ, ತೆಗಿಸು ಅಂತ ನೂಕಾಕೂ ಯಾರಿಗೂ ಹಕ್ಕಿಲ್ಲ."

"ಹಂಗಾರ ಮನಿ ಹಿರೇರು ಯಾತಕ್ಕ?"

"ಜೋಡಿ ಹೋಗಾಕ ಯವ್ವಾ. ಬಸ್ಸಿನ್ಯಾಗ ಕೈ ಹಿಡ್ಕೊಂಡು ಕುಂದ್ರಾಕ."

ದುರುಗವ್ವನ ಕಣ್ಣು ತುಂಬಿತು. ಮೂವತ್ತು ವರ್ಷದ ಹಿಂದೆ ಆಕೆಯೂ ಬಸುರು ಇಳಿಸಲು ಯಾರಿಗೂ ಹೇಳದೆ ಕಷಾಯ ಕುಡಿದು, ವಾರಗಟ್ಟಲೆ ರಕ್ತ ಹೋಗಿ ಹಾಸಿಗೆ ಹಿಡಿದಿದ್ದಳು. "ನಿನಗೇನ್ ಬೇಕು ಅಂತ ನನ್ನ ಯಾರೂ ಕೇಳ್ಲಿಲ್ಲ ನೋಡವ್ವಾ" ಎಂದಳು. ಆ ಮಾತು ಆಕೆಯ ಬಾಯಿಂದ ಹೊರಬಿದ್ದದ್ದು ಅದೇ ಮೊದಲು.

ಮಾರನೆಯ ದಿನವೇ ದವಾಖಾನೆಗೆ ಹೋದರು. ಡಾಕ್ಟರಮ್ಮ ದುರುಗವ್ವನನ್ನು ಹೊರಗೆ ಕೂರಿಸಿ, ಕವಿತಾಳೊಬ್ಬಳನ್ನೇ ಕೇಳಿದರು: "ಇದು ನಿನ್ನ ಮನಸ್ಸೇನಮ್ಮಾ?" ಕವಿತಾ ಹೌದೆಂದಳು, ತನ್ನ ಹೆಸರು ತಾನೇ ಬರೆದಳು. ತಪಾಸಣೆಯಾಗಿ, ಗರ್ಭಪಾತದ ಚಿಕಿತ್ಸೆಯೂ ಆಯಿತು. ರಕ್ತ ಹೆಚ್ಚಿಸುವ ಗುಳಿಗೆಯೂ, ಬೇಡದ ಬಸುರು ತಡೆಯುವ ಸಲಹೆಯೂ ಸಿಕ್ಕವು.

ಸಂಜೆ ಕವಿತಾ ತಾನಾಗಿಯೇ ಗಂಡನಿಗೆ ಫೋನ್ ಮಾಡಿ ತಿಳಿಸಿದಳು. ಆತ ಅವ್ವನಿಗೆ ಕೊಡು ಎಂದ.

"ಯಾರ್ನ ಕೇಳಿ ಹೋಗಿದ್ರಿ ಬೇ?"

"ಯಾರ ಮೈಯೋ ಅಕೀನ್ನ ಕೇಳಿ ಹೋಗಿದ್ವಿ" ಎಂದಳು ದುರುಗವ್ವ.

ಯಂಕೇಶ ದನಿ ತಗ್ಗಿಸಿ, "ಅಕಿ ಹೆಂಗದಾಳ?" ಎಂದ.

"ಆರಾಮ ಅದಾಳ. ನನ್ನನ್ಯಾಕ ಕೇಳ್ತಿ? ಅಕೀನ್ನ ಕೇಳು" ಎಂದು ಫೋನನ್ನು ಸೊಸೆಯ ಕೈಗಿಟ್ಟು, ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಅಂಗಳಕ್ಕೆ ಹೋದಳು.

ತಾಯಂದಿರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಇಂಥ ಮಾತು ಬಂದರೆ ಮೊದಲು ಅವಳನ್ನೇ ಕೇಳಿ. ಯಾರದೋ ಸಹಿಗೆ ಕಾಯುತ್ತ ದಿನ ಕಳೆಯಬೇಡಿ. ಆಶಾ ಕಾರ್ಯಕರ್ತೆಗೆ ತಿಳಿಸಿ, ಸರ್ಕಾರದ ಮಾನ್ಯತೆ ಇರುವ ದವಾಖಾನೆಗೇ ಹೋಗಿ. ಬೇಕೋ ಬೇಡವೋ ಅವಳು ಹೇಳಲಿ, ನೀವು ಅವಳ ಜೊತೆ ಹೋಗಿ.